ಯಾರೂ ಏಳಿ ಎನ್ನದ ಕಟ್ಟೆ

ಮುಂಬೈನ ಶಿವಾಜಿ ಪಾರ್ಕ್ ಸಾರ್ವಜನಿಕರಿಗೆ ತೆರೆದುಕೊಂಡದ್ದು 1925ರಲ್ಲಿ. ನೂರು ವರ್ಷ ದಾಟಿದ ಈ ಬಯಲಿನಲ್ಲಿ ಒಂದು ಸಂಜೆ ಕಳೆದವರಿಗೆ, ಊರಿಗೊಂದು ಆಟದ ಮೈದಾನ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಎದುರಾಗುವುದು ಹೂವಿನ ಮಾರುಕಟ್ಟೆ. ಚೆಂಡುಹೂವಿನ ಮೂಟೆಗಳು, ತಲೆಹೊರೆಯವರ ಕೂಗು, ಕಾಲಿಡಲು ಜಾಗವಿಲ್ಲದ ಗದ್ದಲ. ಅಲ್ಲಿಂದ ರಾನಡೆ ರಸ್ತೆ ಹಿಡಿದರೆ ಸೀರೆ ಅಂಗಡಿ, ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ. ಫುಟ್‌ಪಾತಿನ ಮೇಲೂ ಮತ್ತೊಂದು ಸಾಲು ವ್ಯಾಪಾರ. ಹೀಗೆ ಜನರ ನಡುವೆ ನುಸುಳುತ್ತ ಕಡಲಿನ ದಿಕ್ಕಿಗೆ ಹತ್ತು ಹದಿನೈದು ನಿಮಿಷ ನಡೆದರೆ ಇದ್ದಕ್ಕಿದ್ದಂತೆ ಆಕಾಶ ಅಗಲವಾಗುತ್ತದೆ. ಮರಗಳ ಸಾಲು, ಅದರಾಚೆ ಕೆಂಪು ಮಣ್ಣಿನ ದೊಡ್ಡ ಬಯಲು, ಬಯಲಿನ ತುಂಬ ಬಿಳಿ ಅಂಗಿಯ ಮಕ್ಕಳು. ಅರಬ್ಬಿ ಸಮುದ್ರದ ಗಾಳಿ ಮುಖಕ್ಕೆ ಬಡಿಯುತ್ತದೆ. ಶಿವಾಜಿ ಪಾರ್ಕ್ ಅಂದರೆ ಇದೇ.

ಹೆಸರಿನಲ್ಲಿ ಪಾರ್ಕ್ ಇದ್ದರೂ ಕತ್ತರಿಸಿ ಅಂದಗೊಳಿಸಿದ ಹುಲ್ಲುಹಾಸಾಗಲಿ ಕಾರಂಜಿಯಾಗಲಿ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ. ಸುಮಾರು 28 ಎಕರೆ ಬಯಲು. ಅದರ ಅಂಚಿನಲ್ಲಿ ಜಿಮ್‌ಖಾನಾ, ವ್ಯಾಯಾಮ ಶಾಲೆ, ಸ್ಕೌಟ್ ಸಭಾಂಗಣ, ಬಂಗಾಳಿಗಳ ಕ್ಲಬ್, ಗಣೇಶನ ಗುಡಿ, ಪುಟ್ಟ ಮಕ್ಕಳ ಆಟದ ಜಾಗ. ತಲೆಗೆ ಎರಡು ಚದರ ಮೀಟರ್ ಬಯಲು ಕೂಡ ದಕ್ಕದ ಮಹಾನಗರದ ನಟ್ಟನಡುವೆ, ಕೋಟಿಗಳಲ್ಲಿ ಬೆಲೆಬಾಳುವ ಮನೆಗಳಿಗೆ ಎದುರಾಗಿ, ಇಷ್ಟು ದೊಡ್ಡ ನೆಲ ಯಾವ ಕಟ್ಟಡವೂ ಆಗದೆ ಶತಮಾನ ದಾಟಿದೆ. ಒಳಗೆ ಬರಲು ಟಿಕೆಟ್ ಇಲ್ಲ. ಬಂದವರನ್ನು ಯಾರು, ಎಲ್ಲಿಯವರು ಎಂದು ಕೇಳುವವರಿಲ್ಲ.

ಕಟ್ಟೆಯ ಮೇಲಿನ ಊರು

ಮೈದಾನವನ್ನು ಸುತ್ತುವರಿದು ಮೊಣಕಾಲೆತ್ತರದ ಕಟ್ಟೆಯೊಂದಿದೆ. ಸುತ್ತಳತೆ 1.17 ಕಿ.ಮೀ. ಈ ಪಾರ್ಕಿನ ಜೀವ ಇರುವುದು ಅದರಲ್ಲೇ ಎಂದು ನನಗೆ ಅನ್ನಿಸಿತು. ಕಟ್ಟೆಯ ಪಕ್ಕದಲ್ಲೇ ನಡೆಯುವ ದಾರಿ. ನಸುಕಿನಲ್ಲಿ ಹಿರಿಯರು, ಆಮೇಲೆ ಓಟಗಾರರು, ಮಧ್ಯಾಹ್ನ ಡಬ್ಬಿ ಬಿಚ್ಚುವ ಕೆಲಸಗಾರರು, ಸಂಜೆ ಕಾಲೇಜು ಹುಡುಗ ಹುಡುಗಿಯರು, ರಾತ್ರಿ ಊಟ ಮುಗಿಸಿ ಗಾಳಿಗೆ ಬರುವ ಸಂಸಾರಗಳು. ಹೊತ್ತಿಗೊಂದು ತಂಡ ಬದಲಾಗುತ್ತದೆ, ಕಟ್ಟೆ ಮಾತ್ರ ಖಾಲಿಯಾಗುವುದಿಲ್ಲ.

ಕೂರುವ ಜಾಗವೇ ಆಟದ ಗ್ಯಾಲರಿಯೂ ಹೌದು. ಮೈದಾನದ ಕಡೆ ಮುಖ ಮಾಡಿದರೆ ಕ್ರಿಕೆಟ್, ರಸ್ತೆಯ ಕಡೆ ತಿರುಗಿದರೆ ನಡೆಯುವವರ ಮೆರವಣಿಗೆ. ಸೀರೆಗೆ ಸ್ಪೋರ್ಟ್ಸ್ ಶೂ ತೊಟ್ಟ ಹೆಂಗಸರು ರಾತ್ರಿ ಊಟದ ನಂತರವೂ ಬಿರುಸಾಗಿ ಸುತ್ತು ಹಾಕುತ್ತಿದ್ದರು. ಅವರಿಗೆ ಆ ಧೈರ್ಯ ಕೊಟ್ಟಿರುವುದು ಕಾವಲುಗಾರರಲ್ಲ, ಕಟ್ಟೆ ತುಂಬ ಕೂತ ಜನ. ಪಾರ್ಕಿಗೆ ಎತ್ತರದ ಗೋಡೆ ಕಟ್ಟಿ ಬೀಗ ಹಾಕಿದರೆ ಸುರಕ್ಷಿತ ಎಂದು ನಂಬಿರುವ ಊರುಗಳು ಇದನ್ನು ಬಂದು ನೋಡಬೇಕು. ಒಳಗಿರುವವರು ಹೊರಗಿನವರಿಗೆ, ಹೊರಗಿರುವವರು ಒಳಗಿನವರಿಗೆ ಕಾಣುವಂತಿದ್ದರೆ ಅರ್ಧ ಕಾವಲು ತಾನಾಗಿಯೇ ಆಗುತ್ತದೆ.

ಕಟ್ಟೆಯ ಮೇಲೆ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಫೋನಿನಲ್ಲಿ ತುಳು ಮಾತಾಡುತ್ತಿದ್ದರು. ಕರೆ ಮುಗಿದ ಮೇಲೆ ಕನ್ನಡದಲ್ಲಿ ಮಾತಿಗಿಳಿದೆ. ಉಡುಪಿ ಕಡೆಯವರು. ಹುಡುಗನಾಗಿದ್ದಾಗ ಮಾಟುಂಗದ ಹೋಟೆಲಿಗೆ ಲೋಟ ತೊಳೆಯಲು ಬಂದವರು, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾಗಿ ನಿವೃತ್ತರಾದವರು. ‘ಆಗ ಹೋಟೆಲಿನ ಮಾಳಿಗೆಯಲ್ಲಿ ಹತ್ತು ಜನ ಒತ್ತೊತ್ತಾಗಿ ಮಲಗುದು. ರಜೆ ಸಿಕ್ಕಿದ್ರೆ ಹೋಗುದು ಎಲ್ಲಿಗೆ? ಇಲ್ಲಿಗೇ ಬರುದು. ದುಡ್ಡು ಬೇಡ, ಗುರ್ತ ಬೇಡ. ಇಲ್ಲಿ ಕೂತ್ರೆ ಏಳು ಅಂತ ಯಾರೂ ಹೇಳುದಿಲ್ಲ ಮಾರಾಯ್ರೆ’ ಎಂದರು.

ಅವರದು ಒಬ್ಬರ ಕತೆಯಲ್ಲ. ಕರಾವಳಿಯಿಂದ ಹಡಗು ಹತ್ತಿ, ಬಸ್ಸು ಹತ್ತಿ ಬಂದ ಸಾವಿರಾರು ಹುಡುಗರಿಗೆ ಮುಂಬೈನ ಹೋಟೆಲುಗಳು ಅನ್ನ ಕೊಟ್ಟವು, 1908ರಲ್ಲೇ ಶುರುವಾದ ಮೊಗವೀರ ರಾತ್ರಿ ಶಾಲೆಯಂಥ ಸಂಸ್ಥೆಗಳು ಅಕ್ಷರ ಕೊಟ್ಟವು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇವೆರಡೂ ಬೀಡುಬಿಟ್ಟಿರುವ ಮಾಟುಂಗ ಇಲ್ಲಿಂದ ಬಹಳ ದೂರವೇನಲ್ಲ. ಮೈ ಚಾಚಲು ಮನೆಯಿಲ್ಲದವರಿಗೆ ಸಂಜೆಯ ಮಟ್ಟಿಗಾದರೂ ಒಂದು ಅಂಗಳ ಬೇಕಿತ್ತು. ಅದನ್ನು ಇಂಥ ಬಯಲುಗಳು ಕೊಟ್ಟವು.

ಪ್ಲೇಗು ಕಲಿಸಿದ ಪಾಠ

1896ರಲ್ಲಿ ಮುಂಬೈಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಕಿಷ್ಕಿಂಧೆಯಂಥ ಚಾಳುಗಳಲ್ಲಿ ಜನ ಸಾಲುಸಾಲಾಗಿ ಸತ್ತರು, ಬದುಕಿದವರು ಊರು ಬಿಟ್ಟರು. ಊರನ್ನು ಬಿಡಿಸಿ ಹರಡದೆ ಗತಿಯಿಲ್ಲ ಎಂದು ಸರ್ಕಾರಕ್ಕೆ ಮನವರಿಕೆಯಾಯಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಉತ್ತರದ ದಾದರ್, ಮಾಟುಂಗ, ಸಯನ್ ಕಡೆ ಅಗಲ ರಸ್ತೆ, ಮನೆ ಮನೆಯ ನಡುವೆ ಅಂತರ, ಅಲ್ಲಲ್ಲಿ ತೋಟ ಎಂದು ಲೆಕ್ಕ ಹಾಕಿ ಬಡಾವಣೆಗಳನ್ನು ರೂಪಿಸುವ ಕೆಲಸ ಶುರುವಾಯಿತು. ಬಯಲು ಶೋಕಿಯಲ್ಲ, ಆರೋಗ್ಯದ ಅಗತ್ಯ ಎಂಬ ತಿಳಿವಳಿಕೆ ಬಂದದ್ದು ಹೀಗೆ, ಸಾವಿರಾರು ಜೀವಗಳ ಬೆಲೆ ತೆತ್ತು.

ಅದೇ ತಿಳಿವಳಿಕೆಯ ಮುಂದುವರಿಕೆಯಾಗಿ 1925ರಲ್ಲಿ ಮಹಾನಗರ ಪಾಲಿಕೆ ಈ ಮೈದಾನವನ್ನು ತೆರೆಯಿತು. ಆಗಿನ ಹೆಸರು ಮಾಹಿಮ್ ಪಾರ್ಕ್. ಎರಡು ವರ್ಷದ ನಂತರ, ಶಿವಾಜಿಯ ಮುನ್ನೂರನೇ ಜಯಂತಿ ಎಂದು ಆಚರಿಸಿದ 1927ರಲ್ಲಿ, ಪಾಲಿಕೆ ಸದಸ್ಯೆ ಅವಂತಿಕಾಬಾಯಿ ಗೋಖಲೆ ಅವರ ಒತ್ತಾಸೆಯಿಂದ ಹೆಸರು ಶಿವಾಜಿ ಪಾರ್ಕ್ ಆಯಿತು. ಗಾಂಧೀಜಿಯ ಜೊತೆ ಚಂಪಾರಣ್ಯದಲ್ಲಿ ದುಡಿದು, ಮರಾಠಿಯಲ್ಲಿ ಅವರ ಜೀವನಚರಿತ್ರೆ ಬರೆದ ದಿಟ್ಟೆ ಆಕೆ. ಅಂಚಿನಲ್ಲಿರುವ ಶಿವಾಜಿಯ ಕುದುರೆ ಸವಾರಿಯ ಪ್ರತಿಮೆ ಬಂದದ್ದು ಆಮೇಲೆ. ಆ ಶಿವಾಜಿ ಕತ್ತಿ ಝಳಪಿಸುತ್ತಿಲ್ಲ, ಕೈ ಮುಂದೆ ಚಾಚಿ ದಾರಿ ತೋರಿಸುತ್ತಿದ್ದಾನೆ.

ಮೈದಾನದ ಸುತ್ತ 1930–40ರ ದಶಕಗಳಲ್ಲಿ ಎದ್ದ ಆರ್ಟ್ ಡೆಕೊ ಶೈಲಿಯ ಮೂರು ನಾಲ್ಕು ಅಂತಸ್ತಿನ ಮನೆಗಳು ಕೆಲವು ಇನ್ನೂ ಇವೆ. ದುಂಡಗೆ ತಿರುಗಿದ ಬಾಲ್ಕನಿಗಳೆಲ್ಲ ಮೈದಾನದತ್ತ ಮುಖ ಮಾಡಿವೆ. ಹಲವನ್ನು ಕೆಡವಿ ಗೋಪುರಗಳನ್ನು ಎಬ್ಬಿಸಿದ್ದಾರೆ. ಆದರೂ ನಡುವಿನ ಬಯಲಿಗೆ ಯಾರೂ ಕೈ ಹಚ್ಚಲಾಗಿಲ್ಲ.

ಸ್ಟಂಪಿನ ಮೇಲಿನ ರೂಪಾಯಿ

ಭಾನುವಾರ ಇಲ್ಲಿ ಎಷ್ಟು ಆಟ ನಡೆಯುತ್ತಿವೆ ಎಂದು ಹೇಳುವುದೇ ಕಷ್ಟ. ಒಂದು ಪಂದ್ಯದ ಲಾಂಗ್ ಆನ್ ಇನ್ನೊಂದು ಪಂದ್ಯದ ಪಾಯಿಂಟ್ ಪಕ್ಕದಲ್ಲೇ ನಿಂತಿರುತ್ತಾನೆ. ಬೇರೆ ತಂಡದ ಚೆಂಡು ಉರುಳಿ ಬಂದರೆ ಎತ್ತಿ ಎಸೆದು, ತನ್ನ ಬ್ಯಾಟ್ಸ್‌ಮನ್ನನತ್ತ ಮತ್ತೆ ಕಣ್ಣು ನೆಡುತ್ತಾನೆ. ಎಂಟು ಹತ್ತು ವರ್ಷದ ಹುಡುಗನೊಬ್ಬ ತನ್ನಷ್ಟೇ ಉದ್ದದ ಕಿಟ್ ಬ್ಯಾಗ್ ಎಳೆದುಕೊಂಡು ಬಂದ. ಪ್ಯಾಡ್ ಕಟ್ಟಿದ್ದು ಅಜ್ಜಿ. ಬಕಲ್ ಹಾಕಿ, ಬೆರಳು ತೂರಿಸಿ ಬಿಗಿ ಸರಿಯಿದೆಯೇ ಎಂದು ನೋಡಿ, ಮೊಣಕಾಲಿಗೊಂದು ಏಟು ಕೊಟ್ಟು ನೆಟ್ಸಿಗೆ ಕಳಿಸಿದರು. ಎಷ್ಟೋ ಮೊಮ್ಮಕ್ಕಳಿಗೆ ಕಟ್ಟಿ ಪಳಗಿದ ಕೈ ಅದು.

ಇದೇ ನೆಲದಲ್ಲಿ ರಮಾಕಾಂತ್ ಆಚರೇಕರ್ ದಶಕಗಟ್ಟಲೆ ಕಲಿಸಿದರು. ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ, ಪ್ರವೀಣ್ ಆಮ್ರೆ, ಅಜಿತ್ ಅಗರ್‌ಕರ್ ಅವರ ಗರಡಿಯಲ್ಲಿ ಪಳಗಿದವರು. ಬಾಂದ್ರಾದ ಮನೆಯಿಂದ ಬಂದುಹೋಗುವುದು ಕಷ್ಟವೆಂದು ಸಚಿನ್ ಈ ಮೈದಾನದ ಹತ್ತಿರವೇ ಇದ್ದ ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ ಉಳಿದ. ಸಂಜೆ ಹುಡುಗ ದಣಿದ ಹೊತ್ತಿಗೆ ಗುರು ಸ್ಟಂಪಿನ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಔಟ್ ಮಾಡಿದವನಿಗೆ ನಾಣ್ಯ. ಯಾರ ಕೈಲೂ ಆಗದಿದ್ದರೆ ಅದು ಸಚಿನ್‌ಗೆ. ಹಾಗೆ ಗೆದ್ದ ಹದಿಮೂರು ನಾಣ್ಯಗಳನ್ನು ಅವರು ಇಂದಿಗೂ ಜೋಪಾನ ಮಾಡಿದ್ದಾರೆ. ಆಚರೇಕರ್ 2019ರ ಜನವರಿಯಲ್ಲಿ ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಮೈದಾನದ ಪ್ರವೇಶದ್ವಾರದ ಬಳಿ ಅವರ ಸ್ಮಾರಕವನ್ನು ಶಿಷ್ಯನೇ ಅನಾವರಣ ಮಾಡಿದ.

ಬಾಂಬೆ ತಂಡ 1958–59ರಿಂದ ಸತತ 15 ಬಾರಿ ರಣಜಿ ಟ್ರೋಫಿ ಗೆದ್ದದ್ದು ಇಂಥ ಮೈದಾನಗಳ ಬಲದಿಂದ. ಶಿವಾಜಿ ಪಾರ್ಕ್ ಜಿಮ್‌ಖಾನಾ ಮತ್ತು ದಾದರ್ ಯೂನಿಯನ್ ನಡುವಿನ ಕ್ಲಬ್ ಪಂದ್ಯಕ್ಕೆ ಟೆಸ್ಟ್ ಆಟಗಾರರೂ ತಪ್ಪದೆ ಬರುತ್ತಿದ್ದ ಕಾಲವದು. 1948ರಲ್ಲಿ ಶುರುವಾದ ಕಾಂಗಾ ಲೀಗ್‌ನಲ್ಲಿ ಮಳೆಗಾಲದ ಕೆಸರು ಪಿಚ್ಚಿನ ಮೇಲೆ ಆಡಿ ಕಲಿತವರಿಗೆ ಯಾವ ಪಿಚ್ಚೂ ಹೆದರಿಕೆ ಹುಟ್ಟಿಸುತ್ತಿರಲಿಲ್ಲ. ಆ 15 ವರ್ಷದ ಓಟಕ್ಕೆ ತಡೆ ಹಾಕಿದ್ದು 1974ರಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ನಮ್ಮ ಕರ್ನಾಟಕ ತಂಡ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ಆ ಪಂದ್ಯದಲ್ಲಿ ಸೋತ ನಾಯಕ ಅಜಿತ್ ವಾಡೇಕರ್ ಶಿವಾಜಿ ಪಾರ್ಕ್ ಬಳಗದವರು.

ಆದರೆ ಹೆಸರಾಂತವರ ಪಟ್ಟಿಯಿಂದ ಮೈದಾನದ ಬೆಲೆ ಕಟ್ಟಿದರೆ ತಪ್ಪಾದೀತು. ಒಬ್ಬ ಸಚಿನ್‌ನ ಹಿಂದೆ, ಆಡಿ ಮನೆಗೆ ಹೋಗಿ, ಓದಿ, ನೌಕರಿ ಹಿಡಿದು, ಈಗ ಇದೇ ಕಟ್ಟೆಯ ಮೇಲೆ ಕೂತು ಮಕ್ಕಳ ಆಟ ನೋಡುವ ಸಾವಿರಾರು ಜನರಿದ್ದಾರೆ. ಸೋಲುವುದನ್ನೂ, ಸರದಿಗೆ ಕಾಯುವುದನ್ನೂ, ಅಂಪೈರ್ ತೀರ್ಪಿಗೆ ತಲೆಬಾಗುವುದನ್ನೂ ಅವರು ಇಲ್ಲೇ ಕಲಿತರು.

ಕಂಬ ಹತ್ತುವ ಮಕ್ಕಳು

ಮೈದಾನದ ಒಂದು ಬದಿಯಲ್ಲಿ ಶ್ರೀ ಸಮರ್ಥ ವ್ಯಾಯಾಮ ಮಂದಿರವಿದೆ. ಪಾರ್ಕಿನಷ್ಟೇ ಹಳೆಯದು. ಇಲ್ಲಿ ನಾನು ನೋಡಿದ್ದು ಮಲ್ಲಗಂಬ. ನೆಲಕ್ಕೆ ಹೂತ, ಮೇಲೆ ಹೋದಂತೆ ಸಣ್ಣದಾಗುವ ಮರದ ಕಂಬ. ಉಜ್ಜಿಕೊಂಡು ಮೈ ತರಚದಂತೆ ಅದಕ್ಕೆ ಹರಳೆಣ್ಣೆ ಸವರಿರುತ್ತಾರೆ. ಹುಡುಗನೊಬ್ಬ ಓಡಿಬಂದು ಕಂಬ ಹಿಡಿದ, ಕಣ್ಣು ಮಿಟುಕಿಸುವುದರೊಳಗೆ ತಲೆಕೆಳಗಾಗಿ ತೊಡೆಯ ಬಿಗಿಯಲ್ಲೇ ನಿಂತ. ಕೈ ಎರಡೂ ಗಾಳಿಯಲ್ಲಿ. ಕೆಳಗೆ ಚಾಪೆಯ ಪಕ್ಕ ಗುರುಗಳು ತುಟಿ ಪಿಟಕ್ಕೆನ್ನದೆ ಅವನ ಹಿಮ್ಮಡಿಯನ್ನೇ ನೋಡುತ್ತಿದ್ದರು. ಹಿಮ್ಮಡಿ ಸ್ವಲ್ಪ ಸಡಿಲಿತು; ಅವರ ಕೈ ತಾನಾಗಿ ಮುಂದೆ ಚಾಚಿತು, ಹುಡುಗ ಸರಿಪಡಿಸಿಕೊಂಡ, ಕೈ ಹಿಂದೆ ಸರಿಯಿತು. ಪಕ್ಕದಲ್ಲಿ ಹುಡುಗಿಯರು ಹತ್ತಿಯ ಹಗ್ಗದಲ್ಲಿ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಹಗ್ಗ ಸಿಕ್ಕಿಸಿ, ಮೈಗೆ ಸುತ್ತಿ, ಗಂಟಿಲ್ಲದೆ ನೇತಾಡಿ ಆಸನ ಹಾಕುತ್ತಿದ್ದರು.

ಇಲ್ಲಿಯ ಹಿರಿಯ ಗುರು ಉದಯ್ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಹೆಣ್ಣುಮಕ್ಕಳಿಗೆ, ಅನಾಥ ಮಕ್ಕಳಿಗೆ, ಕಣ್ಣು ಕಾಣದವರಿಗೆ ಅವರು ಈ ವಿದ್ಯೆ ಕಲಿಸಿದ್ದಾರೆ, ಹೊರದೇಶಗಳಿಗೂ ಒಯ್ದಿದ್ದಾರೆ. 2019ರ ಫೆಬ್ರುವರಿಯಲ್ಲಿ ಮೊದಲ ವಿಶ್ವ ಮಲ್ಲಗಂಬ ಚಾಂಪಿಯನ್‌ಷಿಪ್ ನಡೆದದ್ದು ಇದೇ ಶಿವಾಜಿ ಪಾರ್ಕಿನಲ್ಲಿ.

ಕನ್ನಡಿಗರಿಗೆ ಈ ಕಂಬ ಪರಕೀಯವಲ್ಲ. ಮಲ್ಲರ ಕಂಬದ ಹಳೆಯ ಉಲ್ಲೇಖ ಸಿಗುವುದು 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ. ಅದನ್ನು ಬರೆದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮುಂದೆ ಪೇಶ್ವೆಗಳ ಕಾಲದಲ್ಲಿ ಬಾಳಂಭಟ್ ದಾದಾ ದೇವಧರ್ ಈ ಕಲೆಗೆ ಮರುಜೀವ ಕೊಟ್ಟರು. ನಮ್ಮ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಕ್ಕಳು ಇಂದಿಗೂ ಇದನ್ನು ಆಡುತ್ತಾರೆ. ಕಂಬ ನೆಡಲು ಹೆಚ್ಚು ಖರ್ಚಿಲ್ಲ. ಬೇಕಾದದ್ದು ನೆಲ, ಮತ್ತು ದಿನಾ ಸಂಜೆ ತಪ್ಪದೆ ಬಂದು ನಿಲ್ಲುವ ಒಬ್ಬ ಗುರು.

ಆಟದ ನೆಲ, ಸಭೆಯ ನೆಲ

ಬಯಲಿದ್ದಲ್ಲಿ ಸಭೆ ಸೇರುತ್ತದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲಕ್ಕೆ ಆಚಾರ್ಯ ಅತ್ರೆಯವರ ಗುಡುಗಿಗೆ ಇಲ್ಲಿ ಜನಸಾಗರ ಸೇರುತ್ತಿತ್ತು. 1966ರಿಂದ ಶಿವಸೇನೆಯ ದಸರಾ ಸಭೆ ಇಲ್ಲಿನ ವಾಡಿಕೆ. 2012ರಲ್ಲಿ ಬಾಳ ಠಾಕ್ರೆ, 2022ರಲ್ಲಿ ಲತಾ ಮಂಗೇಶ್ಕರ್ ಅಂತ್ಯಕ್ರಿಯೆ ಇದೇ ನೆಲದಲ್ಲಿ ನಡೆಯಿತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಡಿಸೆಂಬರ್ 6. ಬಾಬಾಸಾಹೇಬ ಅಂಬೇಡ್ಕರರ ಅಂತ್ಯಕ್ರಿಯೆ ನಡೆದ ಚೈತ್ಯಭೂಮಿ ಇಲ್ಲಿಂದ ಕೂಗಳತೆಯಲ್ಲಿದೆ. ಪರಿನಿರ್ವಾಣ ದಿನದಂದು ಮಹಾರಾಷ್ಟ್ರದ ಮೂಲೆಮೂಲೆಯಿಂದ, ನಮ್ಮ ಕಲಬುರಗಿ, ಬೀದರ್ ಕಡೆಯಿಂದಲೂ ಲಕ್ಷಾಂತರ ಜನ ಬರುತ್ತಾರೆ. ಅವರಲ್ಲಿ ಬಹಳ ಮಂದಿಗೆ ಮುಂಬೈನಲ್ಲಿ ನೆಂಟರಿಲ್ಲ, ಲಾಡ್ಜಿಗೆ ಕೊಡಲು ದುಡ್ಡಿಲ್ಲ. ಅವರಿಗೆಲ್ಲ ರಾತ್ರಿ ತಂಗಲು ಜಾಗ ಶಿವಾಜಿ ಪಾರ್ಕ್. ಪಾಲಿಕೆ ಪೆಂಡಾಲು, ನೀರು, ಶೌಚಾಲಯದ ವ್ಯವಸ್ಥೆ ಮಾಡುತ್ತದೆ. ಮೈದಾನದ ತುಂಬ ಪುಸ್ತಕದ ಅಂಗಡಿಗಳು ಏಳುತ್ತವೆ. ಊಟದ ಬುತ್ತಿ ಕಟ್ಟಿಕೊಂಡು ಬಂದವರು ಹಿಂದಿರುಗುವಾಗ ಚೀಲದಲ್ಲಿ ಪುಸ್ತಕ ಒಯ್ಯುತ್ತಾರೆ. ಇಷ್ಟು ಜನರನ್ನು ಬರಮಾಡಿಕೊಳ್ಳಬಲ್ಲ ಸಭಾಭವನವನ್ನು ಯಾವ ಸರ್ಕಾರವೂ ಕಟ್ಟಲಾರದು. ತೆರೆದ ನೆಲ ಮಾತ್ರ ಅದನ್ನು ಮಾಡಬಲ್ಲದು.

ಜಗಳಗಳೂ ಇಲ್ಲದಿಲ್ಲ. ಧ್ವನಿವರ್ಧಕದ ಅಬ್ಬರಕ್ಕೆ ಬೇಸತ್ತ ನಿವಾಸಿಗಳು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. 2010ರಲ್ಲಿ ಕೋರ್ಟು ಇದನ್ನು ನಿಶ್ಶಬ್ದ ವಲಯವೆಂದು ಸಾರಿತು. ಆಟವಲ್ಲದ ಕಾರ್ಯಕ್ರಮಗಳಿಗೆ ಇಂತಿಷ್ಟೇ ದಿನ ಎಂಬ ಮಿತಿ ಬಂತು. ಮಣ್ಣಿನ ತಕರಾರು ಬೇರೆ. ಮಳೆಗಾಲದಲ್ಲಿ ರಾಡಿ, ಚಳಿಗಾಲ ಬೇಸಿಗೆಯಲ್ಲಿ ಕೆಂಪು ಧೂಳು ಎದ್ದು ಸುತ್ತಲಿನ ಮನೆಗಳ ಕಿಟಕಿ ತುಂಬುತ್ತದೆ. ಉಬ್ಬಸದವರು, ಹಿರಿಯರು ಒದ್ದಾಡುತ್ತಾರೆ. ಪಾಲಿಕೆ ಮಳೆನೀರು ಇಂಗಿಸಿ ಅದನ್ನೇ ಚಿಮುಕಿಸುವ ಏರ್ಪಾಡು ಮಾಡಿದ್ದರೂ ಧೂಳಿನ ದೂರು ಮುಗಿದಿಲ್ಲ. ಮಣ್ಣು ತೆಗೆಸಿ ಎಂದು ನಿವಾಸಿಗಳು ಪಟ್ಟು ಹಿಡಿದಿದ್ದಾರೆ. ಅವರ ಕಷ್ಟ ನಿಜವಾದದ್ದು, ಪರಿಹಾರ ಸಿಗಲೇಬೇಕು. ಆದರೆ ಇಷ್ಟು ಜಗಳದ ನಡುವೆಯೂ ಮೈದಾನಕ್ಕೆ ಬೀಗ ಹಾಕಿ ಎಂಬ ಮಾತು ಗೆದ್ದಿಲ್ಲ ಎಂಬುದನ್ನು ಮರೆಯಬಾರದು. ಹಲವರು ಬಳಸುವ ಜಾಗದಲ್ಲಿ ಹಲವು ತಕರಾರು ಸಹಜ. ಅವನ್ನು ಕೂತು ಬಗೆಹರಿಸುವುದೂ ಊರಿನ ಬಾಳ್ವೆಯ ಭಾಗವೇ.

ನಮ್ಮ ಬಡಾವಣೆಯ ನಕ್ಷೆ

ಕರ್ನಾಟಕದ ಊರುಗಳಿಗೆ ಮರಳಿದಾಗ ಎದೆ ಭಾರವಾಗುತ್ತದೆ. ತಾಲ್ಲೂಕು ಕೇಂದ್ರಗಳ ಹೈಸ್ಕೂಲು ಮೈದಾನಗಳು ಸುತ್ತಲಿಂದ ಒತ್ತರಿಸಿಕೊಂಡು ಚಿಕ್ಕದಾಗುತ್ತಿವೆ. ನಗರದ ಪಾರ್ಕುಗಳಿಗೆ ಟೈಲ್ಸು, ಬೇಲಿ, ದೀಪ ಎಲ್ಲ ಬರುತ್ತವೆ. ಜೊತೆಗೇ ‘ಚೆಂಡಾಟ ನಿಷೇಧಿಸಿದೆ’ ಎಂಬ ಬೋರ್ಡೂ ಬರುತ್ತದೆ. ಆಡಬೇಕೆನ್ನುವ ಹುಡುಗರು ಗಂಟೆ ಲೆಕ್ಕದ ಬಾಡಿಗೆ ಕೊಟ್ಟು ಕೃತಕ ಹುಲ್ಲಿನ ಟರ್ಫಿಗೆ ಹೋಗುತ್ತಾರೆ. ದುಡ್ಡಿಲ್ಲದವರು ರಸ್ತೆಯಲ್ಲಿ, ಕಾರುಗಳ ನಡುವೆ ಆಡುತ್ತಾರೆ. ಬೆಂಗಳೂರಿನ ಪಾಲಿಕೆ 2024ರಲ್ಲಿ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಬಾಗಿಲು ತೆರೆದರಷ್ಟೇ ಸಾಲದು, ಒಳಗೆ ಆಡಲು ಬಿಡಬೇಕು.

ಕಾನೂನು ನಮ್ಮ ಪಕ್ಷದಲ್ಲೇ ಇದೆ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆಂದೇ ಕರ್ನಾಟಕ 1985ರಲ್ಲಿ ಕಾಯ್ದೆ ಮಾಡಿತು. ಅದಕ್ಕಿಂತ ದೊಡ್ಡ ಬಲ ತಂದದ್ದು ಬೆಂಗಳೂರಿನದೇ ಒಂದು ಮೊಕದ್ದಮೆ. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟಿದ್ದ ಜಾಗವನ್ನು 1970ರ ದಶಕದಲ್ಲಿ ಖಾಸಗಿ ಆಸ್ಪತ್ರೆ ಕಟ್ಟಲು ಹಂಚಿದರು. ನಿವಾಸಿಗಳು ಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಮುದ್ದಪ್ಪ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ನಿವಾಸಿಗಳ ಕಡೆಗೇ ನಿಂತಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಅದು ಪಾರ್ಕಿನ ಬದಲಿಯಾಗಲಾರದು. ಪಾರ್ಕು ಉಳಿಸಿಕೊಡಿ ಎಂದು ಕೇಳುವ ಹಕ್ಕು ಬಡಾವಣೆಯ ನಿವಾಸಿಗಳಿಗಿದೆ ಎಂಬುದು ಆ ತೀರ್ಪಿನ ತಿರುಳು. ಇಂದಿಗೂ ದೇಶದ ಎಲ್ಲೆಡೆ ಪಾರ್ಕು ಉಳಿಸುವ ವಕೀಲರು ಆ ತೀರ್ಪನ್ನು ಮುಂದಿಡುತ್ತಾರೆ.

ಹಾಗಾಗಿ ಮೊದಲ ಕೆಲಸ ನಮ್ಮ ಬಡಾವಣೆಯ ಮಂಜೂರಾದ ನಕ್ಷೆಯನ್ನು ತೆಗೆಸಿ ನೋಡುವುದು. ಹಸಿರು ಬಣ್ಣದಲ್ಲಿ ಗುರುತಿಸಿದ ಜಾಗ ಎಲ್ಲಿದೆ, ಇವತ್ತು ಅಲ್ಲಿ ಏನಿದೆ ಎಂದು ಹೋಗಿ ನಿಂತು ನೋಡುವುದು. ಉಳಿದಿದ್ದರೆ ಅದಕ್ಕೆ ಕಾರಂಜಿಗಿಂತ ಮೊದಲು ಕೂರಲು ಕಟ್ಟೆ, ಕುಡಿಯುವ ನೀರು, ಶುಚಿಯಾದ ಶೌಚಾಲಯ, ಆಡಲು ಒಂದಿಷ್ಟು ಬರಿಯ ನೆಲ ಕೇಳುವುದು. ‘ನಿಷೇಧಿಸಿದೆ’ ಬೋರ್ಡಿನ ಬದಲು ಚಿಕ್ಕಮಕ್ಕಳಿಗೆ ಯಾವ ಹೊತ್ತು, ದೊಡ್ಡವರಿಗೆ ಯಾವ ಹೊತ್ತು ಎಂದು ಬಡಾವಣೆಯವರೇ ಕೂತು ತೀರ್ಮಾನಿಸುವುದು. ಮುಂಬೈನಂಥ ಇಕ್ಕಟ್ಟಿನ ಊರು 28 ಎಕರೆಯನ್ನು ನೂರು ವರ್ಷ ಕಾಪಾಡಿಕೊಂಡಿರುವಾಗ, ಎರಡು ಎಕರೆ ಕಾಪಾಡಿಕೊಳ್ಳಲು ನಮ್ಮ ಕೈಲಾಗುವುದಿಲ್ಲ ಎಂದರೆ ಮಕ್ಕಳು ಒಪ್ಪುವುದಿಲ್ಲ. ಒಪ್ಪಲೂ ಬಾರದು.